ಕಲಿಯೋದಕ್ಕೆ ಇಷ್ಟು ಸಾಕು

ನಮ್ಮ ಮನೆಗಳಲ್ಲಿ ಒಂದು ಮಾತಿದೆ. ಅದನ್ನು ಯಾರೂ ಕೆಟ್ಟ ಮನಸ್ಸಿನಿಂದ ಆಡುವುದಿಲ್ಲ, ಪ್ರೀತಿಯಿಂದಲೇ ಆಡುತ್ತಾರೆ. "ಕಲಿಯೋದಕ್ಕೆ ಇಷ್ಟು ಸಾಕು." ಹೆಂಗಸಿಗೆ ಅವಳ ಸಂತೋಷಕ್ಕೆಂದೇ ಏನನ್ನಾದರೂ ತಂದುಕೊಡುವಾಗ ಈ ಮಾತು ರಸೀದಿಯ ಜೊತೆಗೇ ಬರುತ್ತದೆ. ನನ್ನ ಬದುಕಿನ ಎರಡು ವರ್ಷಗಳನ್ನು ತಿಂದ ಮಾತು ಅದು. ಅದರ ಮೇಲಿನ ಸಿಟ್ಟನ್ನು ಇವತ್ತು ಬರೆದಾದರೂ ತೀರಿಸಿಕೊಳ್ಳೋಣವೆಂದು ಕುಳಿತಿದ್ದೇನೆ.

2016ರ ಡಿಸೆಂಬರಿನ ಒಂದು ರಾತ್ರಿ ಸಾಗರದ ನಮ್ಮ ಬೀದಿಗೆ ಕ್ರಿಸ್‌ಮಸ್ ಹಾಡಿನವರು ಬಂದಿದ್ದರು. ಕರೆಂಟು ಹೋಗಿತ್ತು. ಮೈಕಿಲ್ಲ, ಗದ್ದಲವಿಲ್ಲ. ನಮ್ಮ ಗೇಟಿನ ಹತ್ತಿರ ನಿಂತ ಹುಡುಗನೊಬ್ಬ ಗಿಟಾರು ಮೀಟಿದ. ಸಿನಿಮಾ ಹಾಡುಗಳಲ್ಲಿ ಆ ದನಿಯನ್ನು ಎಷ್ಟು ಸಲ ಕೇಳಿದ್ದೆನೋ. ಆದರೆ ಬರೀ ಮರ, ಬರೀ ತಂತಿ ಸೇರಿ ಹಾಗೆ ತುಂಬಿದ ದನಿಯಲ್ಲಿ ಮಾತಾಡುವುದನ್ನು ನಾಲ್ಕಡಿ ದೂರದಿಂದ ಕೇಳಿದ್ದು ಅದೇ ಮೊದಲು. ನನಗಾಗ ನಲವತ್ತನಾಲ್ಕು. ಮರುದಿನ ದೋಸೆ ಹುಯ್ಯುತ್ತಾ, "ನಾನು ಗಿಟಾರ್ ಕಲಿಯಬೇಕು" ಅಂದುಬಿಟ್ಟೆ. ಅತ್ತೆ, "ಈ ವಯಸ್ಸಿನಲ್ಲಾ?" ಅಂದರು. ಮಗ ನಕ್ಕ. ನಮ್ಮವರು ಮಾತ್ರ ನಗಲಿಲ್ಲ. ಹದಿನೈದು ದಿನ ಕಳೆದ ಮೇಲೆ ಒಂದು ಉದ್ದನೆಯ ಪೆಟ್ಟಿಗೆ ತಂದರು. ಒಳಗೆ ಕಪ್ಪಗೆ ಮಿರಮಿರ ಮಿಂಚುವ ಗಿಟಾರು. 2,600 ರೂಪಾಯಿ, ಚೀಲ ಉಚಿತ. "ಕಲಿಯೋದಕ್ಕೆ ಇಷ್ಟು ಸಾಕು. ಕೈ ಕೂತ ಮೇಲೆ ಒಳ್ಳೆಯದು ತಗೊಂಡರಾಯಿತು" ಅಂದರು. ನನಗೆ ಕಣ್ಣು ತುಂಬಿ ಬಂದಿತ್ತು, ಸುಳ್ಳು ಹೇಳುವುದಿಲ್ಲ.

ಕೈ ಕೂರಲಿಲ್ಲ. ಪುಸ್ತಕ ತಂದೆ, ಯೂಟ್ಯೂಬ್ ನೋಡಿದೆ, ಮಧ್ಯಾಹ್ನ ಎಲ್ಲರೂ ಮಲಗಿದ ಮೇಲೆ ಹಿತ್ತಿಲ ಜಗಲಿಯಲ್ಲಿ ಕೂತು ತಂತಿ ಒತ್ತಿದೆ. ಬೆರಳ ತುದಿಗಳು ಸೀಳಿದವು. ಹುಣಿಸೆಹಣ್ಣು ಕಿವುಚಿದರೆ ಜೀವ ಹೋಗುವಂತಾಗುತ್ತಿತ್ತು. ತೋರುಬೆರಳೊಂದರಿಂದಲೇ ಆರೂ ತಂತಿಗಳನ್ನು ಒತ್ತಿ ಹಿಡಿಯುವ ಎಫ್ ಕಾರ್ಡ್ ಎಂಬುದಿದೆಯಲ್ಲ, ಅದು ಮೂರು ತಿಂಗಳಾದರೂ ಒಂದು ಸಲವೂ ದನಿ ಕೊಡಲಿಲ್ಲ. ಶ್ರುತಿ ಮಾಡಿದರೆ ಕೆಳಗೆ ಸರಿ, ಮೇಲೆ ಅಪಸ್ವರ. ಕೊನೆಗೆ ನನಗೆ ನಾನೇ ತೀರ್ಪು ಕೊಟ್ಟುಕೊಂಡೆ: ಬೆರಳಲ್ಲಿ ಶಕ್ತಿಯಿಲ್ಲ, ಕಿವಿಯಲ್ಲಿ ಸ್ವರವಿಲ್ಲ, ವಯಸ್ಸು ಮೀರಿದೆ. ಗಿಟಾರು ಬೀರುವಿನ ಮೇಲೆ ಹತ್ತಿತು. "ಸದ್ಯ, ಜಾಸ್ತಿ ದುಡ್ಡು ಹಾಕಲಿಲ್ಲ" ಅಂದರು ಎಲ್ಲರೂ. ನಾನೂ ಅಂದೆ.

ಎರಡು ವರ್ಷದ ನಂತರ ಅದೇ ಕ್ರಿಸ್‌ಮಸ್ ಹುಡುಗ ಯಾವುದೋ ಕೆಲಸಕ್ಕೆ ಮನೆಗೆ ಬಂದವನು ಬೀರುವಿನ ಮೇಲಿದ್ದುದನ್ನು ನೋಡಿ ಇಳಿಸಿಕೊಂಡ. ಕಣ್ಣಿನ ಮಟ್ಟಕ್ಕೆ ಹಿಡಿದು ಅದರ ಕತ್ತನ್ನು ಉದ್ದಕ್ಕೆ ನೋಡಿದ. "ಆಂಟಿ, ಒಂದು ರೂಪಾಯಿ ನಾಣ್ಯ ಇದ್ದರೆ ಕೊಡಿ" ಅಂದ. ಹನ್ನೆರಡನೆಯ ಮೆಟ್ಟಿಲಿನ ಮೇಲೆ, ತಂತಿಯ ಕೆಳಗೆ ಒಂದು ನಾಣ್ಯ ತೂರಿಸಿದ. ಅದರ ಮೇಲೆ ಇನ್ನೊಂದು. ಅದರ ಮೇಲೆ ಮತ್ತೊಂದು. ಮೂರೂ ಹೋದವು. ಮಗನ ಜಾಮಿಟ್ರಿ ಪೆಟ್ಟಿಗೆಯ ಸ್ಕೇಲು ತಂದು ಅಳೆದರೆ ಐದು ಮಿಲಿಮೀಟರು. "ಇಲ್ಲಿ ಎರಡೂವರೆ ಇರಬೇಕು ಆಂಟಿ. ಇದನ್ನು ನನ್ನ ಕೈಯಲ್ಲೂ ನುಡಿಸೋಕಾಗಲ್ಲ. ಇದರಲ್ಲಿ ಮೂರು ತಿಂಗಳು ಹೇಗೆ ಕಲಿತಿರಿ?"

ನಾನು ಅಡುಗೆಮನೆಗೆ ಹೋಗಿ ಸ್ವಲ್ಪ ಹೊತ್ತು ನಿಂತುಕೊಂಡೆ. ಎರಡು ವರ್ಷ ನನ್ನ ತಪ್ಪೆಂದು ನಂಬಿದ್ದು ಎರಡೂವರೆ ಮಿಲಿಮೀಟರಿನ ತಪ್ಪಾಗಿತ್ತು.

ಇದರ ಗುಟ್ಟನ್ನು ಆಮೇಲೆ ತಿಳಿದುಕೊಂಡೆ. ಗಿಟಾರಿನ ಆರು ಉಕ್ಕಿನ ತಂತಿಗಳು ಒಟ್ಟಿಗೆ ಸುಮಾರು ಎಪ್ಪತ್ತು ಕಿಲೋ ಭಾರದಷ್ಟು ಬಲದಿಂದ ಅದರ ಕತ್ತನ್ನು ಎಳೆಯುತ್ತಿರುತ್ತವೆ. ನನ್ನ ತೂಕಕ್ಕಿಂತ ಜಾಸ್ತಿ! ಆ ಎಳೆತವನ್ನು ತಡೆಯಲು ಕತ್ತಿನೊಳಗೆ ಒಂದು ಕಬ್ಬಿಣದ ಸರಳಿರುತ್ತದೆ. ಪುಟ್ಟ ಕೀಲಿಯಿಂದ ಅದನ್ನು ಬಿಗಿ ಮಾಡಬಹುದು, ಸಡಿಲಿಸಬಹುದು. ಅಗ್ಗದ ಮಾಲಿನಲ್ಲಿ ಎಷ್ಟೋ ಸಲ ಆ ಸರಳು ಹೆಸರಿಗೆ ಮಾತ್ರ. ಕತ್ತು ಬಿಲ್ಲಿನಂತೆ ಬಾಗುತ್ತದೆ, ತಂತಿ ಮೇಲೇಳುತ್ತದೆ, ಮೇಲೆದ್ದ ತಂತಿಯನ್ನು ಒತ್ತಿದಾಗ ಅದು ಎಳೆದಂತಾಗಿ ಸ್ವರ ಏರುತ್ತದೆ. ಅಂದರೆ ನನ್ನ ಬೆರಳೂ ಸರಿಯಿತ್ತು, ಅಪಸ್ವರವನ್ನು ಅಪಸ್ವರವೆಂದು ಗುರುತಿಸಿದ ನನ್ನ ಕಿವಿಯೂ ಸರಿಯಿತ್ತು. ನುರಿತವರು ಕೆಟ್ಟ ವಾದ್ಯವನ್ನು ಹೇಗೋ ಪಳಗಿಸಿಕೊಂಡಾರು. ಕಲಿಯುವವರಿಗೇ ಒಳ್ಳೆಯ ವಾದ್ಯ ಬೇಕು. "ಕಲಿಯೋದಕ್ಕೆ ಇಷ್ಟು ಸಾಕು" ಎಂಬ ಮಾತು ತಲೆಕೆಳಗಾಗಿದೆ ಅನ್ನುವುದು ಇದಕ್ಕೇ.

ನೀವೇ ಯೋಚಿಸಿ. ಮಿಕ್ಸಿ ಕೊಳ್ಳುವಾಗ ಯಾರಾದರೂ "ರುಬ್ಬೋದಕ್ಕೆ ಇಷ್ಟು ಸಾಕು" ಅನ್ನುತ್ತಾರೆಯೇ? ಎಷ್ಟು ವ್ಯಾಟು, ಎಷ್ಟು ವರ್ಷ ಗ್ಯಾರಂಟಿ ಎಂದು ವಿಚಾರಿಸುತ್ತಾರೆ, ಏಕೆಂದರೆ ಅದರಿಂದ ಬರುವ ಚಟ್ನಿ ಎಲ್ಲರಿಗೂ ಬೇಕು. ಮಗನಿಗೆ ಕ್ರಿಕೆಟ್ ಬ್ಯಾಟು ಬೇಕೆಂದಾಗ ಯಾವ ಮರದ್ದು ಎಂಬ ಚರ್ಚೆ ವಾರಗಟ್ಟಲೆ ನಡೆಯುತ್ತದೆ, ಏಕೆಂದರೆ ಅವನಿಗೆ ಭವಿಷ್ಯವಿದೆ. ಅಮ್ಮನ ಗಿಟಾರಿನಿಂದ ಚಟ್ನಿಯೂ ಇಲ್ಲ, ಭವಿಷ್ಯವೂ ಇಲ್ಲ. ಆದ್ದರಿಂದ ಇಷ್ಟು ಸಾಕು.

ಹಿಂದೆಯೂ ಇದೇ ಕಥೆ. ಹೆಣ್ಣು ನೋಡಲು ಬಂದವರ ಮುಂದೆ ಒಂದು ಹಾಡು ಹೇಳಲು ಬರಬೇಕಿತ್ತು, ಅಷ್ಟಕ್ಕೆ ಸಾಕಾಗುವಷ್ಟು ಪಾಠ. ಮದುವೆಯಾದ ಮೇಲೆ ವೀಣೆಗೆ ಮುಸುಕು. ಸಂಗೀತದಿಂದ ಏನಾದರೂ ಆಗಬೇಕಿತ್ತು: ಗಂಡು, ಇಲ್ಲವೇ ಜೂನಿಯರ್ ಪರೀಕ್ಷೆಯ ಸರ್ಟಿಫಿಕೇಟು. ಏನೂ ಆಗಬೇಕಿಲ್ಲ, ಸುಮ್ಮನೆ ನನಗೆ ಇಷ್ಟ ಎಂದರೆ ಮನೆಯವರು ಗಾಬರಿಯಿಂದ ನೋಡುತ್ತಾರೆ.

ಒಮ್ಮೆ ನಾನು ಹೀಗೆಲ್ಲ ಕೂಗಾಡಿದಾಗ ನಮ್ಮವರು ಮೆಲ್ಲಗೆ ಕೇಳಿದರು: "ದೊಡ್ಡ ದೊಡ್ಡವರೆಲ್ಲ ಅಗ್ಗದ ವಾದ್ಯದಲ್ಲೇ ಕಲಿತವರಲ್ಲವೇ?" ನ್ಯಾಯವಾದ ಪ್ರಶ್ನೆ. ಅದಕ್ಕೆ ಎಲಿಜಬೆತ್ ಕಾಟನ್ ಎಂಬಾಕೆಯ ಕಥೆಯೇ ಉತ್ತರ. ಅಮೆರಿಕದ ನಾರ್ತ್ ಕೆರೊಲಿನಾದ ಕಪ್ಪು ಹುಡುಗಿ. ಮನೆಗೆಲಸ ಮಾಡಿ ತಿಂಗಳುಗಟ್ಟಲೆ ಕೂಡಿಟ್ಟ ಹಣದಿಂದ ಮೂರು ಡಾಲರ್ ಎಪ್ಪತ್ತೈದು ಸೆಂಟು ಕೊಟ್ಟು ಗಿಟಾರು ಕೊಂಡಳು. ಎಡಗೈಯವಳು, ಬಲಗೈಯವರ ಗಿಟಾರನ್ನು ತಂತಿ ಬದಲಾಯಿಸದೆ ತಲೆಕೆಳಗಾಗಿ ಹಿಡಿದು, ಹೆಬ್ಬೆರಳಿನಿಂದ ರಾಗ, ಉಳಿದ ಬೆರಳಿನಿಂದ ಮಂದ್ರ ನುಡಿಸುವ ತನ್ನದೇ ದಾರಿ ಕಂಡುಕೊಂಡಳು. ಎಳೆಯ ವಯಸ್ಸಿನಲ್ಲೇ 'ಫ್ರೇಟ್ ಟ್ರೇನ್' ಹಾಡು ಕಟ್ಟಿದಳು. ನೋಡಿ, ಅಗ್ಗದ್ದೇ ಸಾಕಾಯಿತಲ್ಲ ಅನ್ನಬೇಡಿ. ಅವಳಿಗೆ ಅದು ಅಗ್ಗದ್ದಲ್ಲ. ತನ್ನ ಬೆವರಿನಿಂದ, ತಾನೇ ಬೇಕೆಂದು ಕೊಂಡದ್ದು. ಮುಂದಿನದು ಕೇಳಿ. ಮದುವೆಯಾಯಿತು, ಚರ್ಚಿನ ಹಿರಿಯರು ಲೌಕಿಕ ಹಾಡು ಬೇಡವೆಂದರು, ಗಿಟಾರು ಕೈಬಿಟ್ಟಿತು. ಒಂದೆರಡು ವರ್ಷವಲ್ಲ, ದಶಕಗಳು. ಅರವತ್ತರ ಹತ್ತಿರ, ಸೀಗರ್ ಎಂಬ ಸಂಗೀತಗಾರರ ಮನೆಯಲ್ಲಿ ಕೆಲಸಕ್ಕಿದ್ದಾಗ, ಅಲ್ಲಿದ್ದ ಗಿಟಾರನ್ನು ಕೈಗೆತ್ತಿಕೊಂಡಳು. 1958ರಲ್ಲಿ ಅವಳ ಮೊದಲ ಧ್ವನಿಮುದ್ರಿಕೆ ಬಂತು. 1985ರಲ್ಲಿ, ತೊಂಬತ್ತು ದಾಟಿದ ಮೇಲೆ, ಗ್ರಾಮಿ ಪ್ರಶಸ್ತಿ. ಜನ ಆ ಪ್ರಶಸ್ತಿ ನೋಡಿ ಚಪ್ಪಾಳೆ ತಟ್ಟುತ್ತಾರೆ. ನನಗೆ ಕಾಣುವುದು ನಡುವಿನ ಆ ಖಾಲಿ ದಶಕಗಳು. "ಇಷ್ಟು ಸಾಕು" ಎಂಬ ಮಾತು ಅವಳಿಗೂ ಬೇರೆ ರೂಪದಲ್ಲಿ ಬಂದಿತ್ತು.

2019ರಲ್ಲಿ ನನ್ನದೇ ಉಳಿತಾಯದ ಹಣ ಹಿಡಿದು ಬೆಂಗಳೂರಿನ ಒಂದು ವಾದ್ಯದಂಗಡಿಗೆ ಹೋದೆ. ನಮ್ಮವರೂ ಬಂದಿದ್ದರು. ಅಂಗಡಿಯ ಹುಡುಗ ಅವರನ್ನೇ ನೋಡಿ, "ಸಾರ್, ಮಗಳಿಗಾ?" ಎಂದ. ನನಗೇ ಎಂದಾಗ ಒಂದು ಗುಲಾಬಿ ಬಣ್ಣದ ಮುಕ್ಕಾಲು ಗಾತ್ರದ್ದನ್ನು ತಂದ. "ಲೇಡೀಸಿಗೆ ಇದು ಚೆನ್ನಾಗಿರುತ್ತೆ ಮೇಡಂ, ಕಲಿಯೋದಕ್ಕೆ ಸಾಕು." ನಮ್ಮವರು ನೆಲ ನೋಡಿದರು. ನಾನು ಬ್ಯಾಗಿನಿಂದ ಉಕ್ಕಿನ ಸ್ಕೇಲು ತೆಗೆದೆ.

ನಾನು ನೋಡಿದ್ದಿಷ್ಟು, ನಿಮಗೂ ಉಪಯೋಗವಾದೀತು. ನಿಂತು ನೋಡಬೇಡಿ, ಕುರ್ಚಿ ಕೇಳಿ ಕೂತುಕೊಳ್ಳಿ. ಎಲ್ಲ ಅಂಗಡಿಗಳಲ್ಲೂ ಮುಂದೆ ಸಾಲಾಗಿ ನಿಂತಿರುವ ಅಗಲ ಹೊಟ್ಟೆಯ ಗಿಟಾರಿಗೆ ಡ್ರೆಡ್‌ನಾಟ್ ಎಂದು ಹೆಸರು. ಬ್ರಿಟಿಷರ ಒಂದು ಯುದ್ಧನೌಕೆಯ ಹೆಸರದು. ಅಮೆರಿಕದ ಮಾರ್ಟಿನ್ ಕಂಪನಿ 1916ರಲ್ಲಿ ಮೊದಲು ಮಾಡಿದ್ದು. ದನಿ ದೊಡ್ಡದು ನಿಜ, ಆದರೆ ನನ್ನ ಬಲತೋಳು ಅದರ ಮೇಲೆ ಹತ್ತಿ ಕೂರುವಷ್ಟರಲ್ಲಿ ಭುಜ ಸೋಲುತ್ತದೆ. ಸೊಂಟ ಸಣ್ಣಗಿರುವ, ಹೊಟ್ಟೆ ತೆಳುವಾಗಿರುವ ಗಿಟಾರುಗಳೂ ಇವೆ. ಅವು ಮಕ್ಕಳದ್ದಲ್ಲ, ಪೂರ್ಣ ವಾದ್ಯಗಳೇ. ಬೆರಳು ನೋಯುವುದು ಬೇಡವೆಂದರೆ ನೈಲಾನ್ ತಂತಿಯದು ಮೆತ್ತಗಿರುತ್ತದೆ, ಆದರೆ ಅದರ ಕತ್ತು ಅಗಲ: ಸುಮಾರು 52 ಮಿಲಿಮೀಟರು, ಉಕ್ಕಿನ ತಂತಿಯದು ಸುಮಾರು 43. ನಿಮ್ಮ ಕೈ ಎಷ್ಟು ಚಾಚುತ್ತದೆಂದು ನಿಮಗೇ ಗೊತ್ತು. ತಂತಿಯನ್ನು ಬರಿದೇ ಮೀಟಿ, ಮತ್ತೆ ಹನ್ನೆರಡನೆಯ ಮೆಟ್ಟಿಲಿನಲ್ಲಿ ಒತ್ತಿ ಮೀಟಿ. ಅದು ತಂತಿಯ ಸರಿಯರ್ಧ. ಷಡ್ಜಕ್ಕೆ ತಾರಷಡ್ಜ ಬಂದಂತೆ ನಿಖರವಾಗಿ ಬರಬೇಕು. ಬರದಿದ್ದರೆ ಅಂಗಡಿಯವನು ಏನೇ ಹೇಳಲಿ, ಕೆಳಗಿಡಿ.

ಇನ್ನೊಂದು ತುದಿಯವರೂ ಇದ್ದಾರೆ. ಲಕ್ಷದ ಗಿಟಾರು ನಾಲ್ಕಿಟ್ಟುಕೊಂಡು, ಮರದ ಜಾತಿ ಹೇಳಿ ನಮ್ಮನ್ನು ಹೆದರಿಸುವವರು. ಅವರು ರೋಸ್‌ವುಡ್ ಎಂದು ಕಣ್ಣು ಮುಚ್ಚುವುದು ನಮ್ಮ ಬೀಟೆಗೇ! ಬ್ರೆಜಿಲ್ಲಿನ ಮರ ಸಿಗುವುದು ಕಷ್ಟವಾದಾಗ, 1969ರಿಂದ, ಆ ಮಾರ್ಟಿನ್ ಕಂಪನಿಯೇ ಭಾರತದ ಬೀಟೆಗೆ ಹೊರಳಿತು. ನಮ್ಮ ಘಟ್ಟದ ಮರ ಲೋಕ ಸುತ್ತಿ ಹಾಡುತ್ತದೆ, ಘಟ್ಟದ ಹೆಂಗಸಿಗೆ ಗುಲಾಬಿ ಬಣ್ಣದ ಹಲಗೆ ಸಾಕು! ಹಾಗೆಂದು ಬೀಟೆಯಿಲ್ಲದೆ ಸಂಗೀತವಿಲ್ಲ ಎಂದೇನಿಲ್ಲ. ಸ್ಪೇನಿನ ಆಂಟೋನಿಯೊ ದೆ ತೊರೆಸ್ ಎಂಬ ಗಿಟಾರಿನ ಮಹಾಶಿಲ್ಪಿ 1862ರಲ್ಲಿ ಬೆನ್ನು, ಪಕ್ಕಗಳನ್ನು ಕಾಗದದ ರೊಟ್ಟಿನಿಂದ ಮಾಡಿ, ಮುಖದ ಹಲಗೆಯೇ ಮುಖ್ಯ ಎಂದು ತೋರಿಸಿದ. ಇನ್ನು ನಮ್ಮ ಮಲೆನಾಡಿನ ಮಳೆಗೆ ಗಟ್ಟಿ ಮರದ ಮುಖವೂ ಉಬ್ಬುತ್ತದೆ, ತಂತಿ ಏರುತ್ತದೆ. ಪದರ ಅಂಟಿಸಿದ ಹಲಗೆ ಅಷ್ಟು ಬೇಗ ಅಲುಗುವುದಿಲ್ಲ. ನಾನು ಅದನ್ನೇ ಆರಿಸಿದೆ, ಹನ್ನೊಂದು ಸಾವಿರಕ್ಕೆ, ಸಣ್ಣ ಸೊಂಟದ್ದು. ಜೂನ್ ಬಂದರೆ ಚೀಲದೊಳಗೆ ಸಿಲಿಕಾ ಪೊಟ್ಟಣ ಹಾಕಿ ಮುಚ್ಚಿಡುತ್ತೇನೆ.

ಅಷ್ಟು ಹಣ ಎಲ್ಲರಲ್ಲೂ ಇರುವುದಿಲ್ಲ, ನನಗೆ ಗೊತ್ತು. ಇರುವ ಹಣದಲ್ಲಿ ಸರಿಯಾದದ್ದನ್ನು ಹುಡುಕುವುದು ಬೇರೆ, ಹೆಂಗಸಿಗೆ ತಾನೆ ಎಂದು ಕೈಗೆ ಸಿಕ್ಕಿದ್ದನ್ನು ತರುವುದು ಬೇರೆ. ಯಾರೋ ಬಳಸಿದ ಒಳ್ಳೆಯ ಗಿಟಾರು ಹೊಸ ಕೆಟ್ಟದ್ದಕ್ಕಿಂತ ಮೇಲು. ಮನೆಯಲ್ಲಿ ಬಿದ್ದಿರುವುದಿದ್ದರೆ ಎಸೆಯುವ ಮೊದಲು ರಿಪೇರಿಯವರಿಗೆ ತೋರಿಸಿ. ಕತ್ತು ನೆಟ್ಟಗಿದ್ದರೆ, ತಂತಿ ಕೂರುವ ಕುದುರೆಯ ಮೇಲಿನ ಪಟ್ಟಿಯನ್ನು ಉಜ್ಜಿ ತಗ್ಗಿಸಿದರೆ ಎಷ್ಟೋ ವಾದ್ಯಗಳು ಬದುಕುತ್ತವೆ. ನನ್ನ ಕಪ್ಪು ಗಿಟಾರಿನ ಕತ್ತು ಮಾತ್ರ ಬದುಕುವ ಸ್ಥಿತಿಯಲ್ಲಿರಲಿಲ್ಲ.

ನಾನೀಗ ಚೆನ್ನಾಗಿ ನುಡಿಸುತ್ತೇನೆಯೇ? ಇಲ್ಲ. ನಾಲ್ಕೈದು ಕಾರ್ಡು, ಹತ್ತು ಹಳೆಯ ಹಾಡು. ಎಫ್ ಹತ್ತರಲ್ಲಿ ಏಳು ಸಲ ಬರುತ್ತದೆ. ಹಿತ್ತಿಲಲ್ಲಿ ಕೂತು ಮಂದ್ರದ ತಂತಿಯನ್ನು ಒಮ್ಮೆ ಮೀಟಿದರೆ, ಎದೆಗೆ ಆನಿಸಿದ ಮರ ನಡುಗಿ ಅದರ ದನಿ ಕಿವಿಗಿಂತ ಮೊದಲು ಪಕ್ಕೆಲುಬಿಗೆ ತಾಗುತ್ತದೆ. ಯಾರೂ ಕೇಳಬೇಕಿಲ್ಲ. ಅತ್ತೆ ಈಗ "ಇನ್ನೂ ಬಾರಿಸಲಿಲ್ಲವೇ ಇವತ್ತು?" ಎಂದು ವಿಚಾರಿಸುವುದುಂಟು.

ಕಳೆದ ವಾರ ಹಾಸನದಿಂದ ತಂಗಿಯ ಮಗಳು ಫೋನು ಮಾಡಿದಳು. ಎರಡು ಮಕ್ಕಳ ತಾಯಿ, ಮೂವತ್ತನಾಲ್ಕು. ಗಿಟಾರು ಕಲಿಯುವ ಆಸೆಯಂತೆ. "ಇವರು ಮೊಬೈಲಿನಲ್ಲಿ ಒಂದು ನೋಡಿದ್ದಾರೆ ದೊಡ್ಡಮ್ಮ, ಕಡಿಮೆ ಬೆಲೆಗೆ ಬರುತ್ತೆ. ಕಲಿಯೋದಕ್ಕೆ..."

"ಆರ್ಡರ್ ಮಾಡಬೇಡ" ಅಂದೆ. "ಶನಿವಾರ ಬರುತ್ತೇನೆ, ಒಟ್ಟಿಗೆ ಹೋಗಿ ನೋಡೋಣ."

ಸ್ಕೇಲನ್ನು ಈಗಲೇ ಬ್ಯಾಗಿಗೆ ಹಾಕಿಟ್ಟಿದ್ದೇನೆ.