ಹೊಗೆಬಂಡಿ ಉಳಿಯಲಿ, ಅದನ್ನು ನಡೆಸಿದವರ ಹೆಸರೂ ಉಳಿಯಲಿ



ಕಳೆದ ಬೇಸಿಗೆಯಲ್ಲಿ ನಮ್ಮ ಝರಾಸಂಗದ ಕಡೆಯಿಂದ ಹನ್ನೆರಡು ಮಂದಿ ನೀಲಗಿರಿಗೆ ಹೋಗಿದ್ದೆವು. ನಾವು ಕಬ್ಬು ಕಡಿಯುವವರ, ತೊಗರಿ ಹೊಲದಲ್ಲಿ ಕೂಲಿ ಮಾಡುವವರ ಮನೆಗಳವರು. ನಮ್ಮನ್ನು ಕರೆದು ಉಣಬಡಿಸಿದವರು ಕೂನೂರಿನ ಚಹಾ ತೋಟದ ಲೈನ್ ಮನೆಗಳವರು. ಎರಡು ದಿನ ಕೂಲಿ, ಬೋನಸ್, ಮಕ್ಕಳ ಓದು ಇವುಗಳ ಬಗ್ಗೆ ಮಾತಾಡಿದೆವು. ಆ ಮಾತುಗಳನ್ನು ಇನ್ನೊಮ್ಮೆ ಬರೆಯೋಣ. ಇಂದು ಬರೆಯುವುದು ಹೋಗುವಾಗ ಮೆಟ್ಟುಪಾಳ್ಯಂನಲ್ಲಿ ನಾವು ಹತ್ತಿದ ಬೆಟ್ಟದ ಉಗಿಬಂಡಿಯ ವಿಷಯ.

ನಮ್ಮ ಜೊತೆ ಸಭೆಯ ಹಿರಿಯರೊಬ್ಬರು ಬಂದಿದ್ದರು. ವಯಸ್ಸು ಎಂಬತ್ತು ದಾಟಿದೆ. ವಿಕಾರಾಬಾದಿನಿಂದ ಜಹೀರಾಬಾದ್ ಹಾದು ಬೀದರಿಗೆ ಹೋಗುವ ದಾರಿಯಲ್ಲಿ ಗ್ಯಾಂಗ್‌ಮನ್ ಆಗಿ ದುಡಿದು ನಿವೃತ್ತರಾದವರು. ಅವರ ಮೊಮ್ಮಗ ಮೊಬೈಲಿನಲ್ಲಿ ಇಂಜಿನ್ನಿನ ಫೋಟೋ ತೆಗೆದದ್ದೇ ತೆಗೆದದ್ದು. ನಡುವೆ ಒಮ್ಮೆ ಕೇಳಿದ: "ಮುತ್ಯಾ, ನೀ ರೈಲ್ವೇದಾಗ ಏನ್ ಮಾಡ್ತಿದ್ದಿ?" ಮುತ್ಯಾ ಕಿಟಕಿಯ ಹೊರಗೆ ನೋಡುತ್ತ, "ಏನಿಲ್ಲಪ್ಪಾ, ಜಲ್ಲಿ ಹಾಕ್ತಿದ್ದೆ" ಅಂದರು.

ಆ "ಏನಿಲ್ಲ" ಎಂಬ ಮಾತು ನಮ್ಮ ಮನಸ್ಸಿನಿಂದ ಹೋಗಿಲ್ಲ. ಮೂವತ್ತು ವರ್ಷ ಬಿಸಿಲಲ್ಲಿ ಮಳೆಯಲ್ಲಿ ಹಳಿ ಕಾಯ್ದ ಮನುಷ್ಯ ತನ್ನ ಕೆಲಸ ಏನೂ ಅಲ್ಲ ಎನ್ನುತ್ತಾನೆ. ಅದೇ ಹಳಿಯ ಮೇಲೆ ಓಡಿದ ಯಂತ್ರವನ್ನು ಮಾತ್ರ ಲೋಕವೇ ಬಂದು ನೋಡುತ್ತದೆ. ಇದು ಹೇಗಾಯಿತು?

ಮೊದಲು ಆ ಬಂಡಿಯ ಸಂಗತಿ ತಿಳಿದುಕೊಳ್ಳೋಣ. ಬೆಟ್ಟಕ್ಕೆ ರೈಲು ಬೇಕೆಂಬ ಯೋಚನೆ ಹುಟ್ಟಿದ್ದು 1854ರಲ್ಲಿ. ಕೆಲಸ ಹಿಡಿದದ್ದು 1891ರಲ್ಲಿ. 1899ರಲ್ಲಿ ಕೂನೂರಿನವರೆಗೆ ಬಂಡಿ ಬಂತು, 1908ರಲ್ಲಿ ಊಟಿ ಮುಟ್ಟಿತು. ದಾರಿ ಒಟ್ಟು 46 ಕಿಲೋಮೀಟರ್. ಅಷ್ಟರಲ್ಲಿ 326 ಮೀಟರ್ ಎತ್ತರದಿಂದ 2203 ಮೀಟರಿಗೆ ಏರಬೇಕು. 16 ಸುರಂಗ, 250 ಸೇತುವೆ, 208 ತಿರುವು. ಕಲ್ಲಾರಿನಿಂದ ಕೂನೂರಿನವರೆಗಿನ ಸುಮಾರು 20 ಕಿಲೋಮೀಟರಿನಲ್ಲಿ ಏರು ಎಷ್ಟೆಂದರೆ, ಕೆಲವು ಕಡೆ ಹನ್ನೆರಡು ಅಡಿ ಮುಂದೆ ಹೋದರೆ ಒಂದು ಅಡಿ ಮೇಲೆ. ಅಲ್ಲಿ ಬರೀ ಚಕ್ರ ಜಾರುತ್ತದೆ. ಆದ್ದರಿಂದ ಎರಡು ಹಳಿಗಳ ನಡುವೆ ಹಲ್ಲಿರುವ ಕಬ್ಬಿಣದ ಪಟ್ಟಿಗಳನ್ನು ಹಾಸಿದ್ದಾರೆ. ಇಂಜಿನ್ನಿನ ಅಡಿಯಲ್ಲಿರುವ ಹಲ್ಲುಚಕ್ರ ಆ ಹಲ್ಲುಗಳನ್ನು ಕಚ್ಚಿ ಕಚ್ಚಿ ಮೇಲೇರುತ್ತದೆ. ಚಕ್ರ ತಿರುಗಿಸಿ ಬಂದ ಉಗಿಯನ್ನು ಗಾಳಿಗೆ ಬಿಡದೆ ಅದರಿಂದಲೇ ಹಲ್ಲುಚಕ್ರವನ್ನೂ ತಿರುಗಿಸುವ ಏರ್ಪಾಡಿದೆ. ಭಾರತದಲ್ಲಿ ಇಂಥ ಹಲ್ಲುಹಳಿಯ ರೈಲು ಇದೊಂದೇ. 2005ರಲ್ಲಿ ಯುನೆಸ್ಕೋ ಇದನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. 1998ರ 'ದಿಲ್ ಸೇ' ಚಿತ್ರದಲ್ಲಿ ಬೋಗಿಯ ಮೇಲೆ ಕುಣಿಯುವ ಹಾಡು ಈ ಬಂಡಿಯದ್ದೇ.

ಕುಣಿದ ನಟನನ್ನು ದೇಶವೆಲ್ಲ ಬಲ್ಲದು. ಆದರೆ ಆ ಬಂಡಿಯನ್ನು ಮೇಲೆ ತರುವವರು ಯಾರು? ಏರುವಾಗ ಇಂಜಿನ್ ಹಿಂದೆ ನಿಂತು ಬೋಗಿಗಳನ್ನು ನೂಕುತ್ತದೆ. ಚಾಲಕನಿಗೆ ಮುಂದಿನ ಹಳಿ ಕಾಣುವುದಿಲ್ಲ. ಮುಂದಿನ ಬೋಗಿಯ ಕಟ್ಟೆಯ ಮೇಲೆ ನಿಂತ ಬ್ರೇಕ್ ಕೆಲಸಗಾರನ ಬಾವುಟವೇ ಅವನಿಗೆ ಕಣ್ಣು. ಒಂದೊಂದು ಬೋಗಿಗೂ ಇಂಥ ಒಬ್ಬೊಬ್ಬ ಆಳು ನಿಂತು ಇಂಜಿನ್ನಿನ ಸೀಟಿ ಕೇಳಿ ಕೈಯಿಂದ ಬ್ರೇಕ್ ಹಾಕುತ್ತಾನೆ. ಒಳಗೆ ಕೂತ ಮಕ್ಕಳು ಸುರಂಗ ಬಂದಾಗ ಕೂಗುತ್ತಾರೆ, ಹಿಲ್‌ಗ್ರೋವ್ ನಿಲ್ದಾಣದಲ್ಲಿ ಇಂಜಿನ್ ನೀರು ಕುಡಿಯುವಾಗ ನಾವೆಲ್ಲ ಇಳಿದು ಚಹಾ ಕುಡಿಯುತ್ತೇವೆ. ಅಷ್ಟು ಹೊತ್ತೂ ಈ ಆಳುಗಳ ಕೈಯಲ್ಲಿ ನಮ್ಮ ಜೀವ. ಮಳೆಗಾಲದಲ್ಲಿ ಬೆಟ್ಟ ಜರಿದು ಹಳಿಯ ಮೇಲೆ ಬಿದ್ದಾಗ ಮಣ್ಣು ಬಂಡೆ ತೆಗೆದು ದಾರಿ ಮಾಡುವವರೂ ನಮ್ಮಂಥ ಕೂಲಿಯ ಮಕ್ಕಳೇ.

ಹಳೆಯದನ್ನು ಹೊಗಳುವಾಗ ಸುಳ್ಳು ಸೇರಬಾರದು. ಉಗಿ ಇಂಜಿನ್ನಿನ ಕಾಲ ಸುಖದ ಕಾಲವಾಗಿರಲಿಲ್ಲ. ಬೆಂಕಿಯ ಬಾಯಿಯ ಮುಂದೆ ನಿಂತು ಸಲಿಕೆಯಿಂದ ಕಲ್ಲಿದ್ದಲು ತುಂಬುತ್ತಿದ್ದ ಫೈರ್‌ಮನ್ನಿನ ಬೆನ್ನು ನಲವತ್ತಕ್ಕೇ ಬಾಗುತ್ತಿತ್ತು. ಹೊತ್ತು ಗೊತ್ತಿಲ್ಲದ ಡ್ಯೂಟಿ. 1973ರಲ್ಲಿ ಇಂಜಿನ್ ನಡೆಸುವವರು ದಿನಕ್ಕೆ 10 ಗಂಟೆಗಿಂತ ಹೆಚ್ಚು ದುಡಿಸಬೇಡಿ ಎಂದು ಮುಷ್ಕರ ಹೂಡಿದರು. ಮರುವರ್ಷ, 1974ರ ಮೇ 8ರಿಂದ ದೇಶದ ರೈಲ್ವೆ ಕಾರ್ಮಿಕರೆಲ್ಲರ ಮುಷ್ಕರ. ಅದರ ಮುಂದಾಳು ನಮ್ಮ ಮಂಗಳೂರಿನಲ್ಲಿ ಹುಟ್ಟಿ, ಪಾದ್ರಿಯಾಗಲೆಂದು ಬೆಂಗಳೂರಿನ ಸೆಮಿನರಿ ಸೇರಿ, ಅದನ್ನು ಬಿಟ್ಟು ಕಾರ್ಮಿಕರ ನಡುವೆ ಹೋದ ಜಾರ್ಜ್ ಫರ್ನಾಂಡಿಸ್. ಇಪ್ಪತ್ತು ದಿನ ನಡೆದ ಮುಷ್ಕರವನ್ನು ಸರ್ಕಾರ ತುಳಿಯಿತು. ಸಾವಿರಾರು ಜನ ಜೈಲು ಕಂಡರು, ಕೆಲಸ ಕಳೆದುಕೊಂಡರು. ಸೋತೆವು ಎಂದುಕೊಂಡವರೇ ಹೆಚ್ಚು. ಆದರೆ 1979ರಲ್ಲಿ ರೈಲ್ವೆಯವರಿಗೆ ಬೋನಸ್ ಬಂತು. ಅಂದು ಕೇಳಿದ್ದವುಗಳಲ್ಲಿ ಅದೂ ಒಂದು.

ಇನ್ನೊಂದು ಸಂಗತಿ. ಈ ಬೆಟ್ಟದ ಹಳೆಯ ಇಂಜಿನ್ನುಗಳಲ್ಲಿ ಹಲವನ್ನು ಸ್ವಿಟ್ಜರ್ಲೆಂಡಿನ ವಿಂಟರ್‌ಥೂರಿನಲ್ಲಿ ಮಾಡಿ ತಂದರು. ಅವು ಹಳತಾದ ಮೇಲೆ ಹೊಸ ಉಗಿ ಇಂಜಿನ್ನುಗಳನ್ನು ಮಾಡಿಕೊಟ್ಟವರು ತಿರುಚಿರಾಪಳ್ಳಿಯ ಪೊನ್ಮಲೈ ಕಾರ್ಖಾನೆಯ ಕೆಲಸಗಾರರು. ಲೋಕ ಬಿಟ್ಟುಬಿಟ್ಟ ವಿದ್ಯೆಯನ್ನು ನಮ್ಮವರ ಕೈ ಮತ್ತೆ ಕಲಿತು ತೋರಿಸಿತು. ಅದೇ ಪೊನ್ಮಲೈಯಲ್ಲಿ 1946ರ ಸೆಪ್ಟೆಂಬರ್ 5ರಂದು, ಹಕ್ಕು ಕೇಳಿದ ಐವರು ಕಾರ್ಮಿಕರು ಪೊಲೀಸರ ಗುಂಡಿಗೆ ಸತ್ತರು. ಬಣ್ಣ ಬಳಿದು ಹೊಳೆಯುವ ಇಂಜಿನ್ನಿನ ಹಿಂದೆ ಈ ಕಥೆಯೂ ಇದೆ. ಪ್ರವಾಸಿಗಳ ಕೈಗೆ ಬರುವ ಚಂದದ ಪುಸ್ತಿಕೆಗಳಲ್ಲಿ ಸಾಮಾನ್ಯವಾಗಿ ಇದು ಇರುವುದಿಲ್ಲ. ಗವರ್ನರ ಹೆಸರಿರುತ್ತದೆ, ಇಂಜಿನಿಯರರ ಹೆಸರಿರುತ್ತದೆ. ಬಂಡೆ ಒಡೆದವರು "ಕೂಲಿಗಳು" ಎಂಬ ಒಂದೇ ಮಾತಿನಲ್ಲಿ ಮುಗಿದುಹೋಗುತ್ತಾರೆ.

ನಮ್ಮ ಸಂಘದ ಗೆಳೆಯರೊಬ್ಬರು ಕೇಳಿದರು: "ಸಿರಿವಂತರ ಆಟದ ಬಂಡಿಗೆ ಸರ್ಕಾರದ ದುಡ್ಡು ಯಾಕೆ? ಅದರ ಬದಲು ಲೈನ್ ಮನೆಗಳ ಸೂರು ಸರಿಮಾಡಿಸಲಿ." ಸೂರು ಸೋರಬಾರದು, ಅದಕ್ಕಾಗಿ ಹೋರಾಡಲೇಬೇಕು. ಆದರೂ ಬಂಡಿ ನಿಂತರೆ ಸೂರು ತಾನಾಗಿ ಬರುವುದಿಲ್ಲ. ನಿಲ್ಲುವುದು ಕೆಲವರ ಕೆಲಸ, ಮತ್ತು ನೂರು ವರ್ಷ ಮೀರಿದ ಒಂದು ಕೈಚಳಕ. ಇದು ಸಿರಿವಂತರ ಬಂಡಿ ಎಂದು ನಾವೇ ಬಿಟ್ಟುಕೊಡುವುದೇಕೆ? ಹಾಸಿದವರು ನಾವು, ಓಡಿಸುತ್ತಿರುವವರು ನಾವು. ಅದು ನಮ್ಮದೂ ಹೌದು.

ಹಾಗಾದರೆ ನಾವು ಕೇಳಬೇಕಾದ್ದೇನು? ಮೊದಲನೆಯದು, ಇಂಥ ಪರಂಪರೆಯ ರೈಲುಗಳಲ್ಲಿ ಕೆಲಸ ಮಾಡುವವರು ಕಾಯಂ ಕೆಲಸಗಾರರಾಗಿರಬೇಕು. ಹಳಬರು ನಿವೃತ್ತರಾಗುವ ಮೊದಲೇ ಹೊಸಬರನ್ನು ಸಂಬಳ ಕೊಟ್ಟು ಅವರ ಜೊತೆ ನಿಲ್ಲಿಸಬೇಕು. ಬ್ರೇಕ್ ಹಿಡಿಯುವ ಹದ ಪುಸ್ತಕದಿಂದ ಬರುವುದಿಲ್ಲ. ಎರಡನೆಯದು, ಹಳೆಯ ಹಾಜರಿ ಪುಸ್ತಕಗಳನ್ನು ಗೆದ್ದಲಿಗೆ ಕೊಡದೆ ಕಾಪಾಡಿ, ಸಿಕ್ಕಷ್ಟು ಕೆಲಸಗಾರರ ಹೆಸರನ್ನು ನಿಲ್ದಾಣದ ಗೋಡೆಯ ಮೇಲೆ ಬರೆಯಬೇಕು. ಮೂರನೆಯದು, ಆ ದಾರಿಯ ಅಕ್ಕಪಕ್ಕದ ತೋಟಗಳ ಮಕ್ಕಳಿಗೆ ವರ್ಷಕ್ಕೆ ಒಂದು ದಿನವಾದರೂ ಆ ಬಂಡಿಯಲ್ಲಿ ಜಾಗ ಸಿಗಬೇಕು. ದಿನಾ ಸೀಟಿ ಕೇಳಿ ಬೆಳೆಯುವ ಮಗು ಒಮ್ಮೆ ಒಳಗೂ ಕೂರಲಿ.

ನೆಹೆಮೀಯನ ಪುಸ್ತಕದ ಮೂರನೆಯ ಅಧ್ಯಾಯವನ್ನು ಓದುವಾಗ ನಮ್ಮಲ್ಲಿ ಹಲವರಿಗೆ ಬೇಸರ ಬರುತ್ತದೆ. ಅಲ್ಲಿರುವುದು ಬರೀ ಹೆಸರುಗಳು. ಯೆರೂಸಲೇಮಿನ ಗೋಡೆಯ ಯಾವ ಭಾಗವನ್ನು ಯಾರು ಕಟ್ಟಿದರೆಂಬ ಪಟ್ಟಿ. ಅದರಲ್ಲಿ ಅಕ್ಕಸಾಲಿಗರಿದ್ದಾರೆ, ವ್ಯಾಪಾರಿಗಳಿದ್ದಾರೆ, ತಂದೆಯ ಜೊತೆ ಕೆಲಸಕ್ಕಿಳಿದ ಹೆಣ್ಣುಮಕ್ಕಳೂ ಇದ್ದಾರೆ. ಗೋಡೆಯ ಜೊತೆ ಕಟ್ಟಿದವರನ್ನೂ ಬರೆದಿಡಬೇಕೆಂದು ಅಂದಿನವರಿಗೆ ತೋಚಿತು. ನೀಲಗಿರಿಯಿಂದ ಬಂದ ಮೇಲೆ ಆ ಅಧ್ಯಾಯ ನಮಗೆ ಬೇಸರವಾಗಿಲ್ಲ.

ಸರ್ಕಾರ ಬರೆಯಲಿ ಎಂದು ಕಾಯುತ್ತ ಕೂರುವುದೂ ಬೇಡ. ನಮ್ಮ ಸಭೆಯಲ್ಲಿ ಇನ್ನೂರು ಪುಟದ ಒಂದು ನೋಟ್‌ಬುಕ್ ತಂದಿಟ್ಟಿದ್ದೇವೆ. ಭಾನುವಾರ ಆರಾಧನೆ ಮುಗಿದ ಮೇಲೆ ಹಿರಿಯರೊಬ್ಬರು ಹೇಳುತ್ತಾರೆ, ಹೈಸ್ಕೂಲಿನ ಹುಡುಗ ಹುಡುಗಿಯರು ಬರೆಯುತ್ತಾರೆ. ತಾಂಡೂರಿನ ಗಣಿಯಲ್ಲಿ ಹಾಸುಗಲ್ಲು ಸೀಳಿದವರು, ಕಬ್ಬಿನ ಗಾಡಿ ಹೊಡೆದವರು, ನಾಟಿ ಮಾಡಿದ ತಾಯಂದಿರು ಎಲ್ಲರದೂ ಬರುತ್ತದೆ. ಮೊದಲ ಆರು ಪುಟ ಆ ಗ್ಯಾಂಗ್‌ಮನ್ ಮುತ್ಯಾನದು. ಬರೆದವನು ಅವರ ಮೊಮ್ಮಗ. ಬೇಸಿಗೆಯ ಬಿಸಿಗೆ ಹಳಿ ಹೇಗೆ ಹಿಗ್ಗುತ್ತದೆ, ರಾತ್ರಿ ಮಳೆಯಲ್ಲಿ ಲಾಟೀನು ಹಿಡಿದು ಎಷ್ಟು ದೂರ ನಡೆಯಬೇಕಿತ್ತು, ಜಲ್ಲಿ ಸಡಿಲಾದರೆ ಬಂಡಿಗೆ ಏನಾಗುತ್ತದೆ, ಎಲ್ಲ ಇದೆ. ಹುಡುಗ ಕೇಳಿ ಕೇಳಿ ಬರೆದಿದ್ದಾನೆ. ಮುತ್ಯಾ ಈಗ "ಏನಿಲ್ಲ" ಎನ್ನುವುದಿಲ್ಲ.

ನಿಮ್ಮ ತೋಟದಲ್ಲೂ ಹೀಗೊಂದು ಪುಸ್ತಕ ತೆರೆಯಿರಿ. ಎಲೆ ಕೀಳುವ ತಾಯಿಯ ಬೆರಳಿಗೆ ಗೊತ್ತಿರುವುದನ್ನು ಮಕ್ಕಳು ಬರೆದುಕೊಳ್ಳಲಿ. ಹಿರಿಯರು ಇರುವಾಗಲೇ ಆಗಬೇಕಾದ ಕೆಲಸ ಇದು. ಬರುವ ಭಾನುವಾರವೇ ಶುರುವಾಗಲಿ.