ಹಳ್ಳಿಗೆ ಇಲ್ಲದ ತಡೆಹಕ್ಕು

ಇಂಗ್ಲೆಂಡಿನ ಸಣ್ಣ ಹಳ್ಳಿಗಳಲ್ಲಿ ಮನೆಗಳ ಕೊರತೆಗೆ ಅಲ್ಲಿನ ನಿವಾಸಿಗಳ ತಕರಾರೇ ಮೂಲವೆಂದೂ, ಯೋಜನಾ ಅನುಮತಿಯ ವ್ಯವಸ್ಥೆಯೇ ಅವರಿಗೆ ತಡೆಹಕ್ಕು ಕೊಟ್ಟಿದೆಯೆಂದೂ ಇತ್ತೀಚೆಗೆ ಪ್ರಕಟವಾದ ವಾದವು ಆ ವ್ಯವಸ್ಥೆಯ ರಚನೆಯನ್ನೇ ತಪ್ಪಾಗಿ ಗ್ರಹಿಸಿದೆ. 1947ರ ಪಟ್ಟಣ ಮತ್ತು ಗ್ರಾಮಾಂತರ ಯೋಜನಾ ಕಾಯಿದೆಯು ಭೂಮಿಯ ಒಡೆತನವನ್ನು ಮಾಲೀಕನಲ್ಲೇ ಉಳಿಸಿ, ಅದರ ಮೇಲೆ ಕಟ್ಟುವ ಹಕ್ಕನ್ನು ಸಾರ್ವಜನಿಕ ಅನುಮತಿಗೆ ಒಳಪಡಿಸಿತು. ಆ ಅನುಮತಿ ನೀಡುವುದು ಸ್ಥಳೀಯ ಯೋಜನಾ ಪ್ರಾಧಿಕಾರ, ಅಂದರೆ ಸಾಮಾನ್ಯವಾಗಿ ಜಿಲ್ಲಾ ಕೌನ್ಸಿಲ್. ಹಳ್ಳಿಯ ಮಟ್ಟದ ಚುನಾಯಿತ ಸಂಸ್ಥೆಯಾದ ಪ್ಯಾರಿಷ್ ಕೌನ್ಸಿಲ್ ಅಭಿಪ್ರಾಯ ಹೇಳಬಹುದು, ಅಷ್ಟೇ.

ಅನುಮತಿ ನಿರಾಕರಿಸಲ್ಪಟ್ಟರೆ ಬಿಲ್ಡರ್ ರಾಷ್ಟ್ರಮಟ್ಟದ ಯೋಜನಾ ಇನ್‌ಸ್ಪೆಕ್ಟರೇಟ್‌ಗೆ ಮೇಲ್ಮನವಿ ಸಲ್ಲಿಸಬಹುದು. ಅನುಮತಿ ದೊರೆತರೆ ಮಾತ್ರ ಆಕ್ಷೇಪಿಸಿದ ನಿವಾಸಿಗೆ ಅಂಥ ಮೇಲ್ಮನವಿಯ ಹಕ್ಕೇ ಇಲ್ಲ, ನಿರ್ಧಾರದಲ್ಲಿ ಕಾನೂನಿನ ಲೋಪವಿದ್ದರೆ ದುಬಾರಿಯಾದ ನ್ಯಾಯಾಲಯದ ದಾರಿಯೊಂದೇ ಉಳಿಯುತ್ತದೆ. ಇಷ್ಟು ದೊಡ್ಡ ಅಸಮತೆಯನ್ನು ಬದಿಗಿಟ್ಟು ತಡೆಹಕ್ಕಿನ ಮಾತಾಡುವುದು ಅನ್ಯಾಯವೇ ಸರಿ. ಅಲ್ಲದೆ, ಪ್ರಾಧಿಕಾರವು ಮುಂದಿನ ಐದು ವರ್ಷಗಳಿಗೆ ಸಾಲುವಷ್ಟು ನಿವೇಶನಗಳನ್ನು ತೋರಿಸಲಾಗದಿದ್ದರೆ ರಾಷ್ಟ್ರೀಯ ನೀತಿಯ ತಕ್ಕಡಿ ಅನುಮತಿಯ ಕಡೆಗೇ ವಾಲುತ್ತದೆ.

ಕಟ್ಟಡವೆಂದರೆ ಸಾಕು ವಿರೋಧಿಸುವವರು ಹಳ್ಳಿಗಳಲ್ಲಿ ಇದ್ದಾರೆ, ನಿಜ. ಆದರೆ ಅನೇಕ ಆಕ್ಷೇಪಗಳ ಒಳಗಿರುವ ಪ್ರಶ್ನೆ ಮನೆ ಯಾರಿಗೆ ಎಂಬುದು. 1990ರ ಪಟ್ಟಣ ಮತ್ತು ಗ್ರಾಮಾಂತರ ಯೋಜನಾ ಕಾಯಿದೆಯ 106ನೆಯ ಕಲಮಿನಡಿ ಬಿಲ್ಡರ್ ಒಪ್ಪಿಕೊಂಡ, ಕೈಗೆಟುಕುವ ಬೆಲೆಯ ಮನೆಗಳ ಸಂಖ್ಯೆಯನ್ನು ಲಾಭ ಸಾಲದೆಂಬ ಲೆಕ್ಕ ಮುಂದಿಟ್ಟು ಇಳಿಸಿಕೊಳ್ಳಲು ಅವಕಾಶವಿದೆ. ಇದಕ್ಕೆ ವ್ಯತಿರಿಕ್ತವಾಗಿ, ಸಾಮಾನ್ಯವಾಗಿ ನಿರ್ಮಾಣಕ್ಕೆ ಬಿಡದ ಹಳ್ಳಿಯಂಚಿನ ನೆಲವನ್ನು ಸ್ಥಳೀಯರ ಅಗತ್ಯಕ್ಕೆಂದೇ ತೆರೆಯುವ ಗ್ರಾಮೀಣ ವಿನಾಯಿತಿ ನಿವೇಶನಗಳ ಪದ್ಧತಿಯೂ ಇದೆ. ಹಳ್ಳಿಗಳು ಮನೆಗಳನ್ನೇ ಬೇಡವೆನ್ನುತ್ತವೆಂದು ತೀರ್ಪು ಕೊಟ್ಟ ಲೇಖಕರು ಇದನ್ನು ಹೆಸರಿಸಿಯೂ ಇಲ್ಲ.