ಕಡಲ ತಳದಲ್ಲಿ ಹುಟ್ಟಿದ ನಮ್ಮ ಕಲ್ಲು

ಧಾರವಾಡವೆಂದೊಡನೆ ಜನರಿಗೆ ಪೇಢೆ ನೆನಪಾಗುತ್ತದೆ. ರಸಿಕರಿಗೆ ಸಂಗೀತ, ಓದುಬರಹದವರಿಗೆ ಸಾಹಿತ್ಯ. ಆದರೆ ಭೂಗರ್ಭಶಾಸ್ತ್ರಜ್ಞನೊಬ್ಬನ ಎದುರು ಈ ಹೆಸರನ್ನು ಉಚ್ಚರಿಸಿ ನೋಡಿರಿ: ಆತನಿಗೆ ನೆನಪಾಗುವದು ಕಲ್ಲು! 1880ರ ದಶಕದಲ್ಲಿ ರಾಬರ್ಟ್ ಬ್ರೂಸ್ ಫೂಟ್ ಎಂಬ ಆಂಗ್ಲ ಶಾಸ್ತ್ರಜ್ಞನು ಈ ಸೀಮೆಯ ಪುರಾತನ ಶಿಲೆಗಳನ್ನು ಪರೀಕ್ಷಿಸಿ, ಆ ಕುಲಕ್ಕೆಲ್ಲ ‘ಧಾರವಾಡ’ವೆಂದೇ ನಾಮಕರಣ ಮಾಡಿದನು. ದಕ್ಷಿಣ ಹಿಂದುಸ್ತಾನದಲ್ಲಿ ಬಂಗಾರವನ್ನು ಹೊತ್ತ ಮುಖ್ಯ ಶಿಲೆಗಳು ಇವೇ ಎಂದೂ ಸಾರಿದನು. ಅಂದಿನಿಂದ ದೂರದೇಶಗಳ ಪುಸ್ತಕಗಳಲ್ಲಿ ನಮ್ಮೂರ ಹೆಸರು ಅಚ್ಚಾಗುತ್ತಲಿದೆ. ನಮ್ಮವರಿಗೆ ಮಾತ್ರ ಅದರ ಸುದ್ದಿಯಿಲ್ಲ.

ಈ ಕುಲದ ಕಲ್ಲುಗಳಲ್ಲಿ ಕೆಲವು ಸಮುದ್ರದ ತಳದಲ್ಲಿ ಬಾಯ್ದೆರೆದ ಜ್ವಾಲಾಮುಖಿಗಳ ಕೂಸುಗಳು. ಈ ಮಾತನ್ನು ನಮ್ಮ ದುಮ್ಮವಾಡದ ಕಟ್ಟೆಯ ಮೇಲೆ ಹೇಳಿದಾಗ ಅಜ್ಜ ನಕ್ಕುಬಿಟ್ಟ: “ಕೆರಿ ತುಂಬಿದರ ಸಾಕೋ ತಮ್ಮಾ, ಸಮುದ್ರ ತುಗೊಂಡು ಏನ್ ಮಾಡೂದು?” ನಮ್ಮ ಮನೆತನದಲ್ಲಿ ಪದವಿಯ ಹೊಸ್ತಿಲಿಗೆ ಬಂದವನು ನಾನೇ ಮೊದಲಿಗ, ಆದುದರಿಂದ ನನ್ನ ಮಾತಿಗೆ ಮನೆಯಲ್ಲಿ ಗೌರವವುಂಟು, ನಂಬಿಕೆ ಅಷ್ಟಾಗಿ ಇಲ್ಲ.

ನಂಬಿಕೆಗೆ ಸಾಕ್ಷಿ ಬೇಕಾದವರು ಚಿತ್ರದುರ್ಗದಿಂದ ಸುಮಾರು 16 ಕಿಲೋಮೀಟರು ದೂರದ ಮರಡಿಹಳ್ಳಿಗೆ ಹೋಗಬೇಕು. ಅಲ್ಲಿಯ ಬಂಡೆಯು ಗಾದಿಯ ಮೇಲೆ ದಿಂಬುಗಳನ್ನು ಒಟ್ಟಿದಂತೆ ಕಾಣುತ್ತದೆ. ಕುದಿಯುವ ಶಿಲಾರಸವು ತಣ್ಣೀರಿಗೆ ತಾಗಿದ ಕೂಡಲೇ ಅದರ ಮೈಮೇಲೆ ಗಾಜಿನಂಥ ತೊಗಟೆ ಕಟ್ಟುತ್ತದೆ. ಒಳಗಿನ ರಸ ಇನ್ನೂ ಬಿಸಿ. ಹಿಂದಿನಿಂದ ಒತ್ತಡ ಬಂದಂತೆ ತೊಗಟೆ ಒಡೆದು ಮತ್ತೊಂದು ದಿಂಬು ಮೊಳೆಯುತ್ತದೆ, ಅದರಿಂದ ಇನ್ನೊಂದು. ಇನ್ನೂ ಮೆತ್ತಗಿರುವಾಗಲೇ ಮೇಲಿನ ದಿಂಬು ಕೆಳಗಿನ ಎರಡರ ನಡುವಿನ ಸಂದಿಗೆ ಜಗ್ಗಿ ಕೂಡ್ರುತ್ತದೆ. ಆದುದರಿಂದ ದಿಂಬಿನ ಬೆನ್ನು ದುಂಡು, ಅಡಿ ಚೂಪು. ಭೂಮಿಯ ಪದರುಗಳು ಮಡಿಚಿ ಮಗುಚಿ ಹೋದರೂ, ಒಂದು ಕಾಲಕ್ಕೆ ಯಾವ ಮಗ್ಗಲು ಮೇಲಿತ್ತೆಂಬದನ್ನು ಈ ಆಕಾರದಿಂದಲೇ ಶಾಸ್ತ್ರಜ್ಞರು ಓದಿ ಹೇಳುತ್ತಾರೆ. ಸುಮಾರು 250 ಕೋಟಿ ವರುಷಗಳಷ್ಟು ಹಳೆಯ ಸಮುದ್ರವೊಂದು ಹೀಗೆ ತನ್ನ ರುಜುವನ್ನು ಬಯಲುಸೀಮೆಯಲ್ಲಿ ಬಿಟ್ಟುಹೋಗಿದೆ! ಇಂದಿಗೂ ಅಟ್ಲಾಂಟಿಕ್ ಸಾಗರದ ಆಳದ ಬೆಟ್ಟಸಾಲಿನಲ್ಲಿ ಇಂಥವೇ ದಿಂಬುಗಳು ಹುಟ್ಟುತ್ತಿವೆ.

ಸಮುದ್ರದೊಳಗಿನ ಜ್ವಾಲಾಮುಖಿ ನೀರಿನ ಮೇಲೆ ತಲೆಯೆತ್ತಿದರೆ ಅದೇ ದ್ವೀಪ. 1963ರ ನವೆಂಬರದಲ್ಲಿ ಐಸ್‌ಲ್ಯಾಂಡಿನ ಹತ್ತಿರ ಸುರ್ಟ್ಸಿ ಎಂಬ ದ್ವೀಪವು ಜನರ ಕಣ್ಣೆದುರಿನಲ್ಲಿಯೇ ಹುಟ್ಟಿತು, 1967ರವರೆಗೆ ಬೆಳೆಯಿತು, ಅಂದಿನಿಂದ ತೆರೆಗಳು ಅದನ್ನು ತಿನ್ನುತ್ತಲಿವೆ. ನಮ್ಮ ಮಲ್ಪೆಯ ಸೇಂಟ್ ಮೇರಿ ದ್ವೀಪಗಳ ಕಥೆ ಬೇರೆ. ಅಲ್ಲಿಯ ಐದು, ಆರು, ಏಳು ಮೂಲೆಯ ಕಂಬಗಳು ಸಮುದ್ರದಲ್ಲಿ ಹುಟ್ಟಿದವಲ್ಲ. ಸುಮಾರು ಒಂಬತ್ತು ಕೋಟಿ ವರುಷಗಳ ಹಿಂದೆ ಮಡಗಾಸ್ಕರವು ನಮ್ಮ ನೆಲದಿಂದ ಬಿಡಿಸಿಕೊಂಡು ಹೋಗುವ ಕಾಲದಲ್ಲಿ ನೆಲದ ಮೇಲೆ ಹರಿದ ಶಿಲಾರಸ ಅದು. ಬೇಸಗೆಯಲ್ಲಿ ನವಲಗುಂದದ ಎರೆಹೊಲ ಬಿರಿಯುವದನ್ನು ಕಂಡವರಿಗೆ ಕಂಬಗಳ ಗುಟ್ಟನ್ನು ಬಿಡಿಸಿ ಹೇಳಬೇಕಿಲ್ಲ: ಹೊಲ ಒಣಗಿ ಕುಗ್ಗುತ್ತದೆ, ಕಲ್ಲು ಆರಿ ಕುಗ್ಗುತ್ತದೆ, ಬಿರುಕು ಎರಡಕ್ಕೂ ಒಂದೇ ಜಾತಿಯದು.

ಈಗ ನನ್ನ ತಕರಾರು. ಮಲ್ಪೆಗೆ ಜನ ದೋಣಿ ತುಂಬಿ ಹೋಗುತ್ತಾರೆ, ಕಂಬವನ್ನೇರಿ ಫೋಟೋ ತೆಗೆಸಿಕೊಳ್ಳುತ್ತಾರೆ, ಮರಳುತ್ತಾರೆ. ನಾನು ಹೋದ ದಿನ ನಮ್ಮ ದೋಣಿಯಲ್ಲಿ ಆ ಕಲ್ಲಿನ ಮಾತೆತ್ತಿದವರು ಒಬ್ಬರೂ ಇರಲಿಲ್ಲ. ಮರಡಿಹಳ್ಳಿಗಾದರೋ ಹೋಗುವವರೇ ಅಪರೂಪ. ಎರಡೂ ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕಗಳು. ಆದರೆ ನೂರು ವರುಷ ತುಂಬಿದ ಗುಡಿಗೆ ರಕ್ಷಣೆ ಕೊಡಲು 1958ರ ಕಾಯಿದೆಯಿದೆ; ಗುಡಿಯ ಕೆಳಗಿನ ಕೋಟಿ ಕೋಟಿ ವರುಷದ ಬಂಡೆಗಾಗಿ ಪ್ರತ್ಯೇಕ ಮಸೂದೆಯ ಕರಡು ಪ್ರಕಟವಾದದ್ದು 2022ರಲ್ಲಿ!

ಹೊಟ್ಟೆಪಾಡಿನ ಪ್ರಶ್ನೆಯನ್ನು ಕೆಲವರು ಎತ್ತುವರು: ಕಲ್ಲು ಒಡೆದರೆ ಜಲ್ಲಿ, ಜಲ್ಲಿಯಿಂದ ರಸ್ತೆ, ರಸ್ತೆಯಿಂದ ಊರಿಗೆ ಬಸ್ಸು. ನಿಜವೇ. ಆ ಬಸ್ಸಿನಲ್ಲಿಯೇ ನಾನೂ ಕಾಲೇಜಿಗೆ ಬರುತ್ತೇನೆ. ಎಲ್ಲ ಗುಡ್ಡಗಳನ್ನೂ ಪೂಜಿಸುತ್ತ ಕೂಡ್ರಿರೆಂದು ನಾನು ಹೇಳುತ್ತಿಲ್ಲ. ಯಾವದನ್ನು ಒಡೆಯಬಹುದು, ಯಾವದನ್ನು ಒಡೆಯಬಾರದು ಎಂದು ಗೊತ್ತಿರುವವನು ಊರಲ್ಲಿ ಒಬ್ಬನಾದರೂ ಬೇಡವೇ? ಕಾವಲುಗಾರನ ಕೋಲಿಗಿಂತ ನೆರೆಹಳ್ಳಿಯ ಸಾಲಿಯ ಹುಡುಗನ ತಿಳಿವಳಿಕೆ ಗಟ್ಟಿ. ಆ ತಿಳಿವಳಿಕೆ ಬರಬೇಕಾದರೆ ಕಲ್ಲಿನ ಚರಿತ್ರೆ ಕನ್ನಡದಲ್ಲಿ, ಹಳ್ಳಿಯ ಸಾಲಿಯಲ್ಲಿ ದೊರೆಯಬೇಕು.

“ಕಲಾವಿಭಾಗದವನಿಗೆ ಕಲ್ಲಿನ ಉಸಾಬರಿ ಏಕೆ?” ಎಂದು ಗೆಳೆಯರು ಚೇಷ್ಟೆ ಮಾಡುತ್ತಾರೆ. ಕದಂಬರ ಶಾಸನವನ್ನು ಓದುವವನು ಶಾಸನ ಕೆತ್ತಿದ ಕಲ್ಲನ್ನು ಏಕೆ ಓದಬಾರದು? ಅದೂ ಚರಿತ್ರೆಯೇ; ರಾಜರಿಲ್ಲದ ಚರಿತ್ರೆ, ಅಷ್ಟೆ.

ಬರುವ ವರುಷದ ಪ್ರವಾಸದಲ್ಲಿ ಚಿತ್ರದುರ್ಗದ ಕೋಟೆಯೊಂದಿಗೆ ಮರಡಿಹಳ್ಳಿಯನ್ನೂ ಸೇರಿಸಬೇಕೆಂದು ವಿದ್ಯಾರ್ಥಿಗಳ ಸಭೆಯಲ್ಲಿ ಸೂಚಿಸಿದ್ದೇನೆ. ಬಸ್ಸಿನ ಬಾಡಿಗೆ ಏರುವದೆಂದು ಒಬ್ಬರು ಆಕ್ಷೇಪ ತೆಗೆದರು. ಕೋಟೆಯವರೆಗೆ ಹೋದ ಬಸ್ಸು ಇನ್ನು 16 ಕಿಲೋಮೀಟರು ಹೋದರೆ ತಲೆಗೆ ಎಷ್ಟು ಬೀಳುವದೆಂದು ಲೆಕ್ಕ ಹಾಕಿ ಅವರ ಕೈಗೆ ಕೊಟ್ಟಿರುವೆ. ನಾನು ಆ ಹೊತ್ತಿಗೆ ಕಾಲೇಜು ಬಿಟ್ಟಿರುತ್ತೇನೆ. ಕಿರಿಯ ಮಿತ್ರರು ಆ ಚೀಟಿಯನ್ನು ಕಳೆಯದಿರಲಿ.